ಕಣದಲ್ಲಿ ಹುಗಿದ ಚೆಂಡು

ಅಪ್ಪನ ಸ್ವೆಟರಿನ ಜೇಬಿನಲ್ಲಿ ಸಿಕ್ಕ ಈ ಸ್ಕ್ವಾಷ್ ಚೆಂಡಿಗೆ ಇನ್ನೂ ರಬ್ಬರಿನ ವಾಸನೆಯಿದೆ, ಅಪ್ಪ ಇಲ್ಲ.

ನಾವು ಚಿಕ್ಕವರಿದ್ದಾಗ ಒಂದು ಮಧ್ಯಾಹ್ನ ಚೆನ್ನೈನ ಸ್ಕ್ವಾಷ್ ಕೋಚ್ ಒಬ್ಬರು ಅಕ್ಕನ ಆಟ ನೋಡಲು ಮೂಡಿಗೆರೆಯ ಕ್ಲಬ್ಬಿಗೆ ಬರುವವರಿದ್ದರು. ಅವರು ಒಪ್ಪಿದರೆ ಅಕ್ಕ ಚೆನ್ನೈನಲ್ಲೇ ಇದ್ದು ಕಲಿಯಬಹುದಿತ್ತು. ಕ್ಲಬ್ಬಿನ ಕೋರ್ಟು ತಣ್ಣಗಿರುತ್ತಿತ್ತು. ಬಿಸಿಯಾಗದೆ ಚೆಂಡು ಪುಟಿಯುತ್ತಿರಲಿಲ್ಲ. ಅದಕ್ಕೆ ಅಪ್ಪ ನಮ್ಮಲ್ಲಿದ್ದ ಒಂದೇ ಚೆಂಡನ್ನು ಕಣದಲ್ಲಿ ಬಿಸಿಲಿಗೆ ಒಣಗುತ್ತಿದ್ದ ಕಾಫಿ ಹಣ್ಣಿನ ಬಿಸಿ ರಾಶಿಯೊಳಗೆ ಹುಗಿದಿಟ್ಟರು. ಅವರು ಊಟ ಮುಗಿಸಿ ಬರುವಷ್ಟರಲ್ಲಿ ಆಳುಗಳು ಕಾಫಿ ಕೆದಕಿಬಿಟ್ಟಿದ್ದರು.

"ಅಲ್ಲಾ ರೀ, ಕರೀ ಕಾಫಿಯೊಳಗೆ ಕರೀ ಚೆಂಡು ಹುಗೀತಾರಾ ಯಾರಾದ್ರೂ?" ಎಂದು ಅಮ್ಮ ನಕ್ಕರು. ಅಕ್ಕ ಅಳುತ್ತಿದ್ದಳು. ಎಲ್ಲರೂ ಮಂಡಿಯೂರಿ ಹುಡುಕಿದೆವು. ಒಣ ಸಿಪ್ಪೆ ಉಗುರಿನ ಸಂದಿಗೆ ಚುಚ್ಚುತ್ತಿತ್ತು. ಕೊನೆಗೆ ಸಿಕ್ಕಿದ್ದು ಅಪ್ಪನಿಗೇ. ಆರದಿರಲೆಂದು ಅದನ್ನು ಕಂಕುಳಲ್ಲಿ ಅವುಚಿಕೊಂಡೇ ಕ್ಲಬ್ಬಿನವರೆಗೆ ಜೀಪು ಓಡಿಸಿದರು.

ಅಕ್ಕ ಚೆನ್ನಾಗಿ ಆಡಿದಳು. "ಜೂನ್‌ಗೆ ಕಳಿಸಿ" ಎಂದರು ಕೋಚ್. ಮುಂದೆ ಅವಳು ದೇಶ ದೇಶ ಸುತ್ತಿ ಆಡಿ ಹೆಸರು ಮಾಡಿದ್ದು ಅಲ್ಲಿಂದಲೇ.

ಆ ದಿನ ಜೀಪಿನಲ್ಲಿ ವಾಪಸು ಬರುವಾಗ ಅವಳು ಚೆಂಡು ಕೇಳಿದಳು.

"ಅಲ್ಲಿ ಹೊಸದು ಕೊಡ್ತಾರಲ್ಲ ಮಗಾ. ಇದು ಇಲ್ಲೇ ಇರ್ಲಿ," ಎಂದು ಅಪ್ಪ ಸ್ವೆಟರಿನ ಜೇಬಿಗೆ ಹಾಕಿಕೊಂಡರು. ಮನೆ ತಲುಪುವವರೆಗೂ, ಗೇರ್ ಹಾಕುವಾಗ ಬಿಟ್ಟರೆ, ಅವರ ಎಡಗೈ ಆ ಜೇಬಿನೊಳಗೇ ಇತ್ತು.