ಅಳಲೆಕಾಯಿ ನೀರು

ಪೇಟೆಂಟ್ ಕಚೇರಿಯ ಫೋಟೊ ವಿಭಾಗದಲ್ಲಿ ಹುಲಿಗೆಮ್ಮ 'ಸಾಮಾನ್ಯ ಕುಶಲಕರ್ಮಿ'. ಫೋಟೊ ತೊಳೆಯುವುದೊಂದನ್ನು ಬಿಟ್ಟು ಬೇರೆ ಕಸುಬು ಗೊತ್ತಿಲ್ಲದವರಿಗಷ್ಟೇ ಆ ಹುದ್ದೆ. ಸಂಶೋಧಕರು ಬಿಡಿಸಿದ ಸಮಸ್ಯೆಯನ್ನು, ಉತ್ತರ ತೋರಿಸದೆ, ಅವಳಿಗೂ ಕೊಡುತ್ತಾರೆ. ಒಂದೇ ದಿನದಲ್ಲಿ ಅವಳಿಗೂ ಅದೇ ಉತ್ತರ ಹೊಳೆದರೆ, ಅದು ಯಾರಿಗಾದರೂ ಹೊಳೆಯುವಂಥದ್ದೆಂದು ಅರ್ಜಿ ತಿರಸ್ಕಾರವಾಗುತ್ತದೆ. ಹನ್ನೆರಡು ವರ್ಷಗಳಿಂದ ಹೀಗೇ ನಡೆದಿತ್ತು.

ಅಂದಿನ ಸಮಸ್ಯೆ, ಕಲಬುರಗಿಯ ಬೇಸಿಗೆಯಲ್ಲಿ ತೊಳೆಯುವ ನೀರು ಬಿಸಿಯಾಗಿ ಫಿಲ್ಮಿನ ಲೇಪ ಕಿತ್ತುಬರುವುದು. ಮಧ್ಯಾಹ್ನದೊಳಗೆ ಹುಲಿಗೆಮ್ಮ ಅಳಲೆಕಾಯಿಯ ಕಷಾಯದಲ್ಲಿ ಅದ್ದಿದ ಫಿಲ್ಮನ್ನು ತಂದಿಟ್ಟಳು. ಲೇಪ ಗಟ್ಟಿಯಾಗಿ ನಿಂತಿತ್ತು.

ಅಧಿಕಾರಿ ಅನಂತಪದ್ಮನಾಭ ಅರ್ಜಿಯ ಲಕೋಟೆ ಒಡೆದರು. ಒಳಗೂ ಅದೇ ಉತ್ತರವಿತ್ತು.

ಎದುರಿಗಿದ್ದ ಸಂಶೋಧಕಿ ಶಹರ್‌ಬಾನು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಆರು ವರ್ಷ ದುಡದೀನ್ರೀ ಇದಕ್ಕ," ಎಂದಳು.

ಅಧಿಕಾರಿ ತಿರಸ್ಕಾರದ ಮೊಹರು ಎತ್ತಿಕೊಂಡರು.

"ತಡೀರಿ ಸಾಹೇಬ್ರ," ಎಂದಳು ಹುಲಿಗೆಮ್ಮ. ತನ್ನ ದನಿ ಕೇಳಿ ಅವಳಿಗೇ ದಿಗಿಲಾಯಿತು. "ಇದು ಫೋಟೊದವರಿಗೆ ಹೊಳಿಯೂದಲ್ರೀ. ನಮ್ಮಪ್ಪ ತೊಗಲು ಹದ ಮಾಡ್ತಿದ್ದ. ಅಳಲೆಕಾಯಿ ನೀರಾಗ ತೊಗಲು ಗಟ್ಟಿ ಆಗೂದು ಸಣ್ಣಾಕಿದ್ದಾಗಿಂದ ನೋಡೀನಿ. ಫಿಲ್ಮಿನ ಲೇಪಾನೂ ತೊಗಲು ಕುದಿಸಿದ ಅಂಟೇ ಐತ್ರಿ."

ಮೊಹರು ಗಾಳಿಯಲ್ಲೇ ನಿಂತಿತು. ಅವಳು ಮಾಡಿದ ಚಹಾವನ್ನು ದಿನಾ ಕುಡಿಯುತ್ತಿದ್ದ ಪಕ್ಕದ ಮೇಜಿನವರು ಬಾಯಿ ತೆರೆದು ನೋಡಿದರು. ಆ ಕಚೇರಿಯಲ್ಲಿ ಅವಳು ಅಪ್ಪನ ಕಸುಬಿನ ಮಾತನ್ನು ಎಂದೂ ಆಡಿರಲಿಲ್ಲ.

"ಎರಡು ಕಸುಬು ಗೊತ್ತಿದ್ರೆ ನೀವು ಸಾಮಾನ್ಯರಲ್ಲಮ್ಮ," ಎಂದರು ಅಧಿಕಾರಿ, ನಂಬಲಾಗದೆ. "ಪೇಟೆಂಟ್ ಇವರಿಗೆ ಸಿಗುತ್ತೆ. ಆದ್ರೆ ನಿಮ್ಮ ಕೆಲಸ ಹೋಗುತ್ತೆ."

"ಗೊತ್ತೈತ್ರಿ."

ಅವರು ಹೇಳಿಕೆ ಬರೆದುಕೊಳ್ಳತೊಡಗಿದರು. "ತಂದೆಯ ಹೆಸರು?"

ಹುಲಿಗೆಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು: "ದುರ್ಗಪ್ಪ. ಕಸುಬು ಸೈತ ಬರಕೊಳ್ರಿ."