ಕಾರ್ಮಿನ್ ಬಾಯಿಯ ಗಂಟಲು

ಮುಂದಿನ ಭಾನುವಾರ ಬಿಷಪರು ಊರಿನ ಚರ್ಚಿಗೆ ಬರುವವರಿದ್ದರು. ವರ್ಷದ ಹಿಂದಷ್ಟೇ ಇಲ್ಲಿಗೆ ವರ್ಗವಾಗಿ ಬಂದಿದ್ದ ಫಾದರ್ ವಲೇರಿಯನ್‌ರಿಗೆ ಇದ್ದದ್ದು ಒಂದೇ ಚಿಂತೆ: ಗಾಯನ ಮಂಡಳಿಯ ಕಾರ್ಮಿನ್ ಬಾಯಿ. ಎಪ್ಪತ್ತು ದಾಟಿದ ಆಕೆ ಹಾಡಲು ಬಾಯಿ ತೆರೆದರೆ ಚರ್ಚಿನ ಹಿಂದಿನ ಗದ್ದೆಯಲ್ಲಿ ಮೇಯುತ್ತಿದ್ದ ಎಮ್ಮೆಗಳು ತಲೆಯೆತ್ತಿ ನೋಡುತ್ತಿದ್ದವು. ಆಕೆಗೆ ಅದನ್ನು ಹೇಳಲು ಮಾತ್ರ ಯಾರೂ ಒಪ್ಪಲಿಲ್ಲ.

ಕೊನೆಗೆ ಫಾದರ್ ತಾವೇ ಆಕೆಯ ಮನೆಗೆ ಹೋದರು. ಮುಂದಿಟ್ಟ ಚಹಾ ಕುಡಿದು ಮುಗಿಸಿ ಮಾತು ತೆಗೆದರು.

"ಕಾರ್ಮಿನ್ ಬಾಯಿ, ಬೇಜಾರು ಮಾಡ್ಬೇಡಿ. ಬಿಷಪರು ಬರುವ ದಿನ ಒಂಚೂರು ಮೆಲ್ಲ ಹಾಡ್ತೀರಾ? ಪೂಜೆಯಲ್ಲಿ ನಾನು ಹಾಡುವುದು ನನಗೇ ಕೇಳುವುದಿಲ್ಲ."

ಆಕೆ ಸಿಟ್ಟಾಗಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ದೊಡ್ಡ ಹೊರೆ ಇಳಿದವರಂತೆ ಉಸಿರು ಬಿಟ್ಟರು.

"ನನಗೂ ಕಿರುಚಿ ಕಿರುಚಿ ಸಾಕಾಗಿದೆ ಫಾದರ್. ಆದ್ರೆ ಎಂತ ಮಾಡುದು, ನೀವು ಬಂದ ಮರುವಾರವೇ ಊರಿನವರೆಲ್ಲ ಇದೇ ಬೆಂಚಿನಲ್ಲಿ ಕೂತು, ಹೇಗಾದರೂ ಮಾಡಿ ನಿಮ್ಮ ಸ್ವರ ಕೇಳದ ಹಾಗೆ ಹಾಡಿ ಅಂತ ಕೈಮುಗಿದು ಹೋದ್ರು."