ಚಪ್ಪಲಿ ಸ್ಟ್ಯಾಂಡಿನ ಸರ್ವರ್‌ಗಳು

"ಎಳೀರಿ," ಎಂದು ಆಸ್ಪತ್ರೆಯ ಸರ್ವರ್ ಕೋಣೆಯ ಮುಖ್ಯಸ್ಥ ಗಡಿಯಾರ ನೋಡಿಕೊಂಡು ಹೇಳಿದ. ಅದೇ ಆಸ್ಪತ್ರೆಯ ರೆಕಾರ್ಡ್ ವಿಭಾಗದ ಗುಮಾಸ್ತೆ ತನ್ನ ಮನೆಯ ನಡುಕೋಣೆಯಲ್ಲಿ ಮಂಡಿಯೂರಿ, ಚಪ್ಪಲಿ ಸ್ಟ್ಯಾಂಡಿನ ಮೇಲಿನ ಅರೆಯಲ್ಲಿದ್ದ ಕಂಪ್ಯೂಟರಿನ ಬೆನ್ನಿನಿಂದ ಕರೆಂಟಿನ ವೈರು ಕಿತ್ತಳು. ಫ್ಯಾನು ಉಸಿರು ಬಿಟ್ಟು ನಿಂತಿತು. ಕೆಳಗಿನ ಅರೆಯ ಕಂಪ್ಯೂಟರು ಓಡುತ್ತಲೇ ಇತ್ತು. ಮೇಲಿನದರೊಳಗೆ ಓಡುತ್ತಿದ್ದ ನಾಲ್ಕು ಸರ್ವರ್‌ಗಳ ಗುರುತಾಗಿ ಟೀವಿಯ ಪರದೆಯ ಮೇಲಿದ್ದ ನಾಲ್ಕು ಹಸಿರು ಚೌಕಗಳು ಬೂದುಬಣ್ಣಕ್ಕೆ ತಿರುಗಿದವು. ಆಮೇಲೆ ಒಂದೊಂದಾಗಿ ಮತ್ತೆ ಹಸಿರಾದವು. ಐವತ್ತೆರಡು ಸೆಕೆಂಡು.

"ಪರವಾಗಿಲ್ವೇ," ಎಂದ ಮುಖ್ಯಸ್ಥ.

"ಇದೇನು ವಿದ್ಯೆ ಅಂತ ಇವಳು ಹೇಳಿ ಹೇಳಿ ನನಗೂ ಬಾಯಿಪಾಠ ಆಗಿದೆಯಪ್ಪ," ಎಂದಳು ಮೂಲೆಯಿಂದ ಅವಳ ಅತ್ತೆ. ಬೇರೆಯವರ ಬಟ್ಟೆಗೆ ಇಸ್ತ್ರಿ ಮಾಡಿಕೊಡುವುದು ಅತ್ತೆಯ ಕಸುಬು. ಸೊಸೆಯ ಪರೀಕ್ಷೆ ನೋಡಲೇಬೇಕೆಂದು ಇವತ್ತು ಇಸ್ತ್ರಿ ಮೇಜನ್ನು ಒಳಕೋಣೆಯಿಂದ ಇಲ್ಲಿಗೇ ಎಳೆದು ತಂದಿದ್ದಳು. "ಒಂದೇ ಪೆಟ್ಟಿಗೇಲಿ ನಾಲ್ಕು ಸಂಸಾರ. ಒಬ್ಬರ ಮುಖ ಒಬ್ಬರು ನೋಡಲ್ಲ, ಇಡೀ ಮನೆ ತಂದೇ ಅಂತ ಎಲ್ಲರಿಗೂ ಭ್ರಮೆ. ಮನೆ ಬಿದ್ರೆ ನಾಲ್ಕೂ ಸಂಸಾರ ಎದ್ದು ಪಕ್ಕದ ಮನೆಗೆ ಹೋಗಿ ಒಲೆ ಹಚ್ತವೆ. ನಮ್ಮ ನೆಂಟರಲ್ಲಿ ಇಷ್ಟು ಹೊಂದಾಣಿಕೆ ನಾನಂತೂ ಕಂಡಿಲ್ಲ."

"ನನ್ನ ಕೈಕೆಳಗಿನವರು ಇಷ್ಟು ಚೆನ್ನಾಗಿ ಹೇಳಲ್ಲಮ್ಮ." ಮುಖ್ಯಸ್ಥ ಇನ್ನೇನು ನಗುವವನಿದ್ದ. ಸರ್ವರ್ ಕೋಣೆಯಲ್ಲಿ ಒಂದು ಹುದ್ದೆ ಖಾಲಿಯಿತ್ತು. ಅರ್ಜಿ ಹಾಕಿದ ಉಳಿದಿಬ್ಬರ ಬಳಿ ಸರ್ಟಿಫಿಕೇಟ್ ಇತ್ತು. ಇವಳ ಬಳಿ ಇದ್ದದ್ದು ಹನ್ನೊಂದು ವರ್ಷ ರೋಗಿಗಳ ಫೈಲು ಹೊತ್ತ ತೋಳು, ಮುಚ್ಚಿಹೋದ ಶಾಲೆಯೊಂದರ ಗುಜರಿಯಿಂದ ತಂದ ಎರಡು ಕಂಪ್ಯೂಟರು, ಕೆಲಸಕ್ಕೆ ಹೊರಡುವ ಮುಂಚಿನ ಐದು ತಿಂಗಳ ಬೆಳಗುಗಳು. ಮನೆಗೇ ಬಂದು ನೋಡಿ ಎಂದು ಅವಳೇ ಕೇಳಿಕೊಂಡಿದ್ದಳು. ಇವತ್ತು ಅವನು ಏನು ಬರೆಯುತ್ತಾನೋ ಅದೇ ಕೊನೆ.

"ಸರಿ, ಅದನ್ನ ವಾಪಸ್ ಹಾಕಿ. ಈಗ ಎರಡನೇದು ಎಳೆಯೋಣ."

ಅವಳು ಮೊದಲನೆಯದಕ್ಕೆ ಜೀವ ಕೊಟ್ಟು, ಎರಡೂ ಒಂದನ್ನೊಂದು ಗುರುತಿಸುವವರೆಗೆ ಕಾದಳು. ಐದು ಗಂಟೆಗೆ ಕೊಡಬೇಕಾದ ಪ್ಯಾಂಟೊಂದು ಅತ್ತೆಗೆ ನೆನಪಾಯಿತು. ಗೋಡೆಯ ಬುಡದಲ್ಲಿದ್ದ ಉದ್ದನೆಯ ಬೋರ್ಡಿನಲ್ಲಿ ಒಂದು ಪಾಯಿಂಟು ಬಿಡುವಾಗಿತ್ತು. ಅತ್ತೆ ಬಗ್ಗಿ ಇಡೀ ಬೋರ್ಡಿಗಿದ್ದ ಒಂದೇ ಕೆಂಪು ಸ್ವಿಚ್ಚು ಆರಿಸಿದಳು, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಹಾಕಿದಳು, ಮತ್ತೆ ಸ್ವಿಚ್ಚು ಒತ್ತಿದಳು.

ಟೀವಿ ಕಪ್ಪಾಗಿತ್ತು. ಎರಡೂ ಫ್ಯಾನು ನಿಂತಿದ್ದವು. ಇಸ್ತ್ರಿಪೆಟ್ಟಿಗೆ ಕಾಯುವ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು.

"ಯಾಕೆ ಎಲ್ಲಾ ಹೀಗೆ ನೋಡ್ತೀರಿ? ಎರಡು ಸೆಕೆಂಡೂ ಆಗಿಲ್ಲ. ಸ್ವಿಚ್ ಆರಿಸದೆ ಪ್ಲಗ್ ಹಾಕ್ಬಾರ್ದು ಅಂತ ನಿಮ್ಮಾವ ನನ್ನ ಪ್ರಾಣ ತಿಂದಿದ್ರು. ಮೂವತ್ತು ವರ್ಷ ವೈರಿಂಗ್ ಮಾಡಿದವರು."

"ನಿಮ್ಮ ತಪ್ಪಲ್ಲ ಅತ್ತೆ." ಸೊಸೆ ಎರಡೂ ಕಂಪ್ಯೂಟರುಗಳ ಗುಂಡಿ ಒತ್ತಿದಳು.

"ಮಿಷನ್ ಎರಡು," ಎಂದ ಮುಖ್ಯಸ್ಥ, ಬೆರಳು ಮಡಿಸುತ್ತ. "ಡಿಸ್ಕ್ ಎರಡು. ನೆಟ್‌ವರ್ಕ್ ಕೇಬಲ್ ಎರಡು. ಬೋರ್ಡ್ ಎಷ್ಟು?"

"ಒಂದು."

"ಐದು ತಿಂಗಳಲ್ಲಿ ಒಂದು ಸಲನಾದ್ರೂ ಹೊಳೀಲಿಲ್ವಾ?"

"ಇಲ್ಲ ಸರ್. ಪೆಟ್ಟಿಗೆ ಒಳಗೇ ನೋಡ್ತಾ ಇದ್ದೆ."

ಮುಖ್ಯಸ್ಥ ಫಾರಂ ಅನ್ನು ತೊಡೆಯ ಮೇಲಿಟ್ಟುಕೊಂಡು ಷರಾ ಬರೆದ. ಡಾಕ್ಟರುಗಳ ಅಕ್ಷರವನ್ನು ಕೌಂಟರಿನ ಈಚೆಯಿಂದ ತಲೆಕೆಳಗಾಗಿ ಓದಿ ಪಳಗಿದ ಗುಮಾಸ್ತೆಗೆ ಅದು ಸಲೀಸಾಗಿ ಕಂಡಿತು: 'ತೀರಾ ಬುಡದ ವಿಷಯವನ್ನೇ ಗಮನಿಸಿಲ್ಲ. ಸರ್ವರ್ ಕೋಣೆಯನ್ನು ಇವರ ಕೈಗೆ ಒಪ್ಪಿಸಲಾಗದು.' ಅವಳು ಟೀವಿಯ ಕಡೆ ತಿರುಗಿ ಕುಳಿತಳು.

ಸೊಸೆಯ ಕತ್ತು ನೋಡಿಯೇ ಅತ್ತೆಗೆ ಬರಹ ಅರ್ಥವಾಯಿತು. "ಬರೀರಪ್ಪ, ಬರೆಯೋದು ನಿಮ್ಮ ಕೆಲಸ. ನಿಮ್ಮ ಆಸ್ಪತ್ರೇಲಿ ಎಷ್ಟಿವೆ?"

"ಏನು?"

"ಬೋರ್ಡು."

"ಅಲ್ಲಿ ಎಲ್ಲಾ ಎರಡೆರಡು ಇದೆಯಮ್ಮ."

"ಇವಳೂ ಹಾಗೇ ಅಂದಿದ್ಲು."

ಮುಖ್ಯಸ್ಥ ನಕ್ಕ. ನಗು ಮುಗಿದ ಮೇಲೂ ಬಾಯಿ ಸ್ವಲ್ಪ ಹೊತ್ತು ಹಾಗೇ ಇತ್ತು. ಹೋದ ವರ್ಷ ಸರ್ವರ್ ಕೋಣೆಯನ್ನು ಮೇಲಿನ ಮಹಡಿಗೆ ಸಾಗಿಸಿದ ದಿನ ಅವನು ರಜೆಯಲ್ಲಿದ್ದ. ಬಂದು ನೋಡಿದಾಗ ಎಲ್ಲ ದೀಪಗಳೂ ಹಸಿರಾಗಿದ್ದವು. ಕಪಾಟಿನ ಹಿಂದೆ ಬಗ್ಗಿ ನೋಡಿದ ನೆನಪು ಅವನಿಗಿರಲಿಲ್ಲ.

ಅವನು ಫೋನು ತೆಗೆದು ಡ್ಯೂಟಿಯಲ್ಲಿದ್ದವನಿಗೆ ಕರೆ ಮಾಡಿದ. "ನೋಡಿ, ರೋಗಿಗಳ ದಾಖಲೆ ಇರೋ ಆ ಎರಡು ಸರ್ವರ್ ಇದ್ಯಲ್ಲ, ಅದರ ಕರೆಂಟ್ ವೈರ್ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಹಿಂದೆ ಬಗ್ಗಿ ನೋಡಿ. ಈಗ್ಲೇ. ಏನೂ ಮುಟ್ಟಬೇಡಿ. ಲೈನಲ್ಲೇ ಇರ್ತೀನಿ."

ಫೋನಿನಲ್ಲಿ ಏನೋ ಸರಿಸಿದ ಸದ್ದು, ಒಂದು ಕೆಮ್ಮು. ಅತ್ತೆ ಬಿಸಿಯಾದ ಪೆಟ್ಟಿಗೆಯನ್ನು ಪ್ಯಾಂಟಿನ ಮೇಲಿಟ್ಟಳು. ಟೀವಿಯಲ್ಲಿ ಮೊದಲ ಚೌಕ ಹಸಿರಾಯಿತು, ಎರಡನೆಯದು ಹಸಿರಾಯಿತು.

"ಸರ್," ಎಂದಿತು ದನಿ, ಕೋಣೆಯ ಎಲ್ಲರಿಗೂ ಕೇಳುವಂತೆ. "ಎರಡೂ ಒಂದೇ ಬೋರ್ಡಿಗೆ ಬಂದಿವೆ. ಇನ್ನೂ ಒಂದು ಪಾಯಿಂಟ್ ಖಾಲಿ ಇದೆ. ಏನಾದ್ರೂ ಹಾಕ್ಬೇಕಿತ್ತಾ?"

"ಬೇಡ," ಎಂದ ಮುಖ್ಯಸ್ಥ.

ಅವನು ತೊಡೆಯ ಮೇಲಿನ ಫಾರಂ ನೋಡಿದ. ಷರಾದ ಶಾಯಿ ಆಗಲೇ ಒಣಗಿತ್ತು. ಮೇಲೆ, ಹೆಸರು ಬರೆಯುವ ಜಾಗ ಮಾತ್ರ ಇನ್ನೂ ಖಾಲಿಯಿತ್ತು.